ಕಾರ್ಮಿಕಬಂಧು ಬಿ. ಪಿ. ವಾಡಿಯಾ
ಬಸವನಗುಡಿಯಲ್ಲಿ ವಿಶ್ವಸಂಸ್ಕೃತಿಯ ಮನೆ ಕಟ್ಟಿದ ಮುಂಬಯಿಯ ಮಹನೀಯರು

ಊರು ಬಿಟ್ಟು ಮುಂಬಯಿಗೆ ಬಂದು ಅನ್ನದ ದಾರಿಯನ್ನು ಕಂಡುಕೊಂಡ ಕನ್ನಡಿಗರ ಕಥೆ ನಮ್ಮ ವಾಚಕರಿಗೆ ಹೊಸತಲ್ಲ. ಅದು ಅವರವರ ಮನೆಯ ಕಥೆಯೇ ಆಗಿದೆ. ಆದರೆ ಮುಂಬಯಿಯಲ್ಲಿ ಹುಟ್ಟಿ, ಕನ್ನಡನಾಡಿಗೆ ತೆರಳಿ, ಅಲ್ಲಿ ಜ್ಞಾನದ ಅನ್ನಸತ್ರವೊಂದನ್ನು ತೆರೆದ ಪಾರ್ಸಿ ಮಹನೀಯರೊಬ್ಬರ ಕಥೆಯನ್ನು ಅರಿತವರು ನಮ್ಮಲ್ಲಿ ಕಡಿಮೆ. ಅವರೇ ಶ್ರೀ ಬಹಮನ್ ಪೆಸ್ತನ್‌ಜಿ ವಾಡಿಯಾ.

ಘೋಡಬಂದರ್ ರಸ್ತೆಯ ಆಸುಪಾಸಿನಲ್ಲಿ ವಾಸಿಸುವ ನಮಗೆ ಈ ಚರಿತ್ರೆ ವಿಶೇಷವಾಗಿ ಸಲ್ಲತಕ್ಕದ್ದು. ಅರಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರೆಂಬುದರಿಂದ ಆ ಸ್ಥಳಕ್ಕೆ ಘೋಡಬಂದರ್ ಎಂಬ ಹೆಸರು ಬಂದಿತೆನ್ನುವರು. ಪೋರ್ತುಗೀಜರ ಕೋಟೆ ಅಲ್ಲಿ ಈಗಲೂ ನಿಂತಿದೆ. ದೇಶಾಂತರದ ಜನರು ಕೂಡುತ್ತಿದ್ದ ಆ ದಾರಿಯಲ್ಲಿ ಇಂದು ಮರಾಠಿ, ಗುಜರಾತಿ, ತಮಿಳು, ಹಿಂದಿ, ತುಳು, ಕನ್ನಡ ಮಾತನಾಡುವ ಮನೆಗಳು ಒಂದೇ ಕಟ್ಟಡದಲ್ಲಿ ಎದುರುಬದುರಾಗಿವೆ. ಬಾಗಿಲುಗಳು ಹತ್ತಿರವಾದಷ್ಟು ಮನಸ್ಸುಗಳು ಹತ್ತಿರವಾಗಿವೆಯೇ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಈ ಪ್ರಶ್ನೆಗಾಗಿಯೇ ವಾಡಿಯಾರವರು ತಮ್ಮ ಬಾಳನ್ನು ಸವೆಸಿದರು.

ಊಟದ ವೇಳೆಗಾಗಿ ಹೋರಾಟ

ವಾಡಿಯಾ ಎಂಬುದು ಹಡಗು ಕಟ್ಟುವ ಕಸುಬಿನಿಂದ ಬಂದ ಹೆಸರು. ಬಹಮನ್‌ರವರು ಜನಿಸಿದುದು 1881ರ ಅಕ್ಟೋಬರ್ 8ರಂದು, ಮುಂಬಯಿಯಲ್ಲಿ. ತರುಣ ವಯಸ್ಸಿನಲ್ಲಿಯೇ ಅವರ ಮನಸ್ಸು ವ್ಯಾಪಾರಕ್ಕಿಂತ ಅಧ್ಯಾತ್ಮದ ಕಡೆಗೆ ವಾಲಿತು. ಥಿಯಾಸಫಿಯ ವಿಶ್ವಭ್ರಾತೃತ್ವದ ಬೋಧೆಗೆ ಮನಸೋತು, ಮದರಾಸಿನ ಅಡ್ಯಾರಿಗೆ ಹೋಗಿ, ಶ್ರೀಮತಿ ಆನಿ ಬೆಸೆಂಟರ ಸಹಕಾರಿಯಾಗಿ ಗ್ರಂಥಪ್ರಕಟನೆಯಲ್ಲಿಯೂ ಪತ್ರಿಕಾ ಕಾರ್ಯದಲ್ಲಿಯೂ ತೊಡಗಿದರು. ಹೋಂರೂಲ್ ಚಳವಳಿಯ ದೆಸೆಯಿಂದ 1917ರಲ್ಲಿ ಸರಕಾರವು ಬೆಸೆಂಟ್, ಅರುಂಡೇಲ್ ಮತ್ತು ವಾಡಿಯಾ ಈ ಮೂವರನ್ನೂ ಉದಕಮಂಡಲದಲ್ಲಿ ನಿರ್ಬಂಧದಲ್ಲಿಟ್ಟಿತು. ದೇಶವೆಲ್ಲ ಪ್ರತಿಭಟಿಸಲು ಅದೇ ವರ್ಷ ಅವರ ಬಿಡುಗಡೆಯಾಯಿತು.

ಮರುವರ್ಷ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರ ದುಃಖವು ಅವರ ಬಾಗಿಲಿಗೆ ಬಂದಿತು. ಆ ದುಃಖದಲ್ಲಿ ಒಂದು, ಕೇಳುವುದಕ್ಕೆ ಅತಿ ಸಣ್ಣದು: ಮಧ್ಯಾಹ್ನದ ಊಟಕ್ಕೆ ದೊರೆಯುತ್ತಿದ್ದ ವೇಳೆ ಸಾಲದು. ಅರ್ಧ ಗಂಟೆಯಲ್ಲಿ ಯಂತ್ರವನ್ನು ಬಿಟ್ಟು, ಕೈ ತೊಳೆದು, ಉಂಡು, ಮರಳಿ ಯಂತ್ರದ ಮುಂದೆ ನಿಲ್ಲಬೇಕಾಗಿದ್ದಿತು. ನೂರಾರು ಮಂದಿಗೆ ಬಡಿಸಿ, ತಾವು ಮಾತ್ರ ವೇಳೆ ಮೀರಿ ತಣ್ಣಗಾದ ಅನ್ನವನ್ನು ನಿಂತೇ ಉಣ್ಣುವ ನಮ್ಮ ಹೊಟೇಲು ಕಾರ್ಮಿಕ ಬಂಧುಗಳಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

1918ರ ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಗಿ, ವಾಡಿಯಾರವರು ಅದರ ಅಧ್ಯಕ್ಷರಾದರು. ತಮಿಳು ವಿದ್ವಾಂಸರಾದ ತಿರು. ವಿ. ಕಲ್ಯಾಣಸುಂದರ ಮುದಲಿಯಾರರೂ ಜೊತೆಗೆ ನಿಂತರು. ಭಾರತದಲ್ಲಿ ಕ್ರಮಬದ್ಧವಾಗಿ ರಚಿತವಾದ ಮೊದಲ ಕಾರ್ಮಿಕ ಸಂಘವೆಂದು ಇದಕ್ಕೆ ಚರಿತ್ರೆಯಲ್ಲಿ ಸ್ಥಾನವಿದೆ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಪ್ರಥಮ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಭಾರತದ ಕಾರ್ಮಿಕ ಪ್ರತಿನಿಧಿಯಾಗಿ ಹೋದವರು ಮುಂಬಯಿಯ ಶ್ರೀ ಎನ್. ಎಂ. ಜೋಶಿ, ಅವರ ಸಲಹೆಗಾರರಾಗಿ ಹೋದವರು ವಾಡಿಯಾ.

ಮುಂದೆ ಮುಷ್ಕರ ಮತ್ತು ಬೀಗಮುದ್ರೆಗಳ ಕಾಲ ಬಂದಿತು. ಗಿರಣಿಯ ಒಡೆತನದ ಬಿನ್ನಿ ಕಂಪೆನಿಯು ಮದರಾಸ್ ಹೈಕೋರ್ಟಿಗೆ ಹೋಗಿ, ವಾಡಿಯಾರವರ ಮೇಲೆ ನಷ್ಟಪರಿಹಾರದ ದಾವೆ ಹೂಡಿ ತಡೆಯಾಜ್ಞೆಯನ್ನು ಪಡೆಯಿತು. ಕಾರ್ಮಿಕರಿಗಾಗಿ ಮಾತನಾಡುವುದೇ ಅಪರಾಧವೆನಿಸುವ ಕಾಲವದು. ಸಂಘಗಳಿಗೆ ಕಾನೂನಿನ ಆಶ್ರಯವೇ ಇರಲಿಲ್ಲ. 1921ರಲ್ಲಿ ಒಪ್ಪಂದವಾದಾಗ ವಾಡಿಯಾರವರು ಸಂಘದ ಸಂಬಂಧವನ್ನು ಬಿಡಬೇಕಾಯಿತು. ಇದನ್ನು ಸೋಲೆಂದು ಕರೆಯುವುದಾದರೆ ಕರೆಯಬಹುದು. ಆದರೆ ಈ ಮೊಕದ್ದಮೆಯೇ ದೇಶದ ಕಣ್ಣು ತೆರೆಸಿತು. ಅದೇ ವರ್ಷ ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳ ರಕ್ಷಣೆಗಾಗಿ ಗೊತ್ತುವಳಿ ತಂದರು; 1926ರಲ್ಲಿ ಟ್ರೇಡ್ ಯೂನಿಯನ್ ಶಾಸನವು ಅಂಗೀಕೃತವಾಯಿತು. ಆ ಬಳಿಕ ಈ ದೇಶದಲ್ಲಿ ಕಟ್ಟಿದ ಪ್ರತಿಯೊಂದು ಕಾರ್ಮಿಕ ಸಂಘದ ತಳಹದಿಯಲ್ಲಿ ವಾಡಿಯಾರವರ ಈ ತ್ಯಾಗದ ಕಲ್ಲೊಂದು ಇದ್ದೇ ಇದೆ.

ದೇಶ ಸುತ್ತಿ ಮರಳಿದವರು

1922ರಲ್ಲಿ ತತ್ತ್ವದ ಭಿನ್ನಾಭಿಪ್ರಾಯದಿಂದ ಅಡ್ಯಾರಿನ ಸಂಘವನ್ನು ತ್ಯಜಿಸಿ, ಅಮೇರಿಕೆಯಲ್ಲಿಯೂ ಯೂರೋಪಿನಲ್ಲಿಯೂ ಹಲವು ವರ್ಷ ಅವರು ಕಾರ್ಯಮಾಡಿದರು. ಕೊಲಂಬಿಯಾ ದೇಶದಲ್ಲಿ ಜನಿಸಿದ ಸೋಫಿಯಾ ಅವರ ಬಾಳಸಂಗಾತಿಯಾದರು. ದಂಪತಿಗಳು 1929ರಲ್ಲಿ ಮುಂಬಯಿಗೆ ಬಂದು, ಮರುವರ್ಷ 'ದಿ ಆರ್ಯನ್ ಪಾತ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಪೂರ್ವ ಪಶ್ಚಿಮಗಳ ಲೇಖಕರು ಅದರ ಪುಟಗಳಲ್ಲಿ ಜೊತೆಗೂಡಿದರು. ಸೀರೆಯುಟ್ಟು ಭಾರತೀಯರೇ ಆಗಿಹೋದ ಶ್ರೀಮತಿ ಸೋಫಿಯಾ ವಾಡಿಯಾ 1933ರಲ್ಲಿ ಲೇಖಕರ ಅಂತರರಾಷ್ಟ್ರೀಯ ಸಂಸ್ಥೆಯಾದ ಪೆನ್‌ನ ಭಾರತೀಯ ಕೇಂದ್ರವನ್ನು ಮುಂಬಯಿಯಲ್ಲಿ ಸ್ಥಾಪಿಸಿದರು.

ಬಸವನಗುಡಿಯ ಮನೆ

ಬಳಿಕ ಬೆಂಗಳೂರು ಅವರ ಕರ್ಮಭೂಮಿಯಾಯಿತು. ಬಸವನಗುಡಿಯಲ್ಲಿ ಜಾತಿಮತಗಳ ಭೇದವಿಲ್ಲದೆ ವಿದ್ಯಾರ್ಥಿಗಳು ಕೂಡಿ ಬಾಳಲೆಂದು ವಿದ್ಯಾರ್ಥಿನಿಲಯವೊಂದನ್ನು ನಡೆಸಿದರು. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ತರುಣರು ಮುಂದೆ ಒಬ್ಬರನ್ನೊಬ್ಬರು ದ್ವೇಷಿಸಲಾರರೆಂಬುದು ಅವರ ನಂಬುಗೆ.

1945ರ ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಅಣುಬಾಂಬಿಗೆ ಆಹುತಿಯಾದವು. ಅದಾದ ಎರಡೇ ದಿನಗಳಲ್ಲಿ, ಆಗಸ್ಟ್ 11ರಂದು, ಬಸವನಗುಡಿಯಲ್ಲಿ ವಾಡಿಯಾ ದಂಪತಿಗಳು ಸಂಸ್ಕೃತಿ ಸಂಸ್ಥೆಯನ್ನು ಸ್ಥಾಪಿಸಿದರು. ವಿಶ್ವರಾಷ್ಟ್ರಗಳು ಯುನೆಸ್ಕೋದ ಸಂವಿಧಾನಕ್ಕೆ ಸಹಿ ಹಾಕಿದುದು ಅದೇ ನವೆಂಬರಿನಲ್ಲಿ ಎಂಬುದನ್ನು ನೆನೆದರೆ, ನಮ್ಮ ಕನ್ನಡ ನಗರದ ಈ ಸಣ್ಣ ಸಂಸ್ಥೆಯ ಹಿರಿಮೆ ತಿಳಿಯುವುದು. ಮುಂದೆ ಅದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಎಂದು ಪ್ರಸಿದ್ಧವಾಯಿತು. ದೇಶದೇಶಗಳ ವಿದ್ವಾಂಸರ ಉಪನ್ಯಾಸಗಳು, ಸಂಗೀತ, ನೃತ್ಯ, ಗ್ರಂಥವಿಮರ್ಶೆ, ವಾಚನಾಲಯ, ಮಕ್ಕಳ ಪುಸ್ತಕಾಲಯ ಇವೆಲ್ಲ ಅಲ್ಲಿ ನಡೆದುಬಂದಿವೆ. ಹಣವುಳ್ಳವರು ಪರದೇಶಕ್ಕೆ ಹೋಗಿ ಪರರನ್ನು ಅರಿಯಬಲ್ಲರು. ಹೋಗಲಾರದ ಗುಮಾಸ್ತರ ಮಗನಿಗೆ ಜಗತ್ತೇ ಬೀದಿಯ ತಿರುವಿಗೆ ಬಂದು ನಿಂತಿತು.

1958ರ ಆಗಸ್ಟ್ 20ರಂದು ವಾಡಿಯಾರವರು ಬೆಂಗಳೂರಿನಲ್ಲಿ ದೇಹವಿಟ್ಟರು. ಸಂಸ್ಥೆಯಿರುವ ರಸ್ತೆಗೆ ಇಂದು ಅವರದೇ ಹೆಸರು.

ಊಟಕ್ಕೆ ವೇಳೆಯಿಲ್ಲದವನಿಗೆ ಸಂಸ್ಕೃತಿಯ ಮಾತೇಕೆ ಎಂದು ಕೇಳುವವರುಂಟು. ವಾಡಿಯಾರವರ ಜೀವನವೇ ಅದಕ್ಕೆ ಉತ್ತರವೆಂದು ನಾವು ಭಾವಿಸುತ್ತೇವೆ. ಮೊದಲು ಅವರು ಕಾರ್ಮಿಕನ ಊಟದ ವೇಳೆಗಾಗಿ ಕೋರ್ಟಿನ ಕಟಕಟೆಯನ್ನು ಕಂಡರು. ಅನಂತರ ಓದುವ ಜಾಗಕ್ಕಾಗಿ ಮನೆ ಕಟ್ಟಿದರು. ಎರಡೂ ಮನುಷ್ಯನಿಗೆ ಸಲ್ಲಬೇಕಾದ ಪಾಲೇ ಎಂದು ಅವರು ಬಗೆದಿದ್ದರು. ಹಗಲು ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಅಕ್ಷರ ತಿದ್ದಿ ಮೇಲೆ ಬಂದ ಹಿರಿಯರ ಪೀಳಿಗೆ ನಮ್ಮದು. ಈ ಮಾತು ನಮಗೆ ಅರ್ಥವಾಗದಿರದು.

ರಜೆಯಲ್ಲಿ ಬೆಂಗಳೂರಿನ ಮಾರ್ಗವಾಗಿ ಊರಿಗೆ ಹೋಗುವ ವಾಚಕರು ಬಸವನಗುಡಿಯ ಆ ಮನೆಗೆ ಮಕ್ಕಳನ್ನು ಒಮ್ಮೆ ಕರೆದೊಯ್ಯಬೇಕೆಂದು ನಮ್ಮ ವಿನಂತಿ. ಹೋಗಲಾಗದವರು ಎದುರು ಮನೆಯವರ ಹಬ್ಬಕ್ಕೆ ಈ ವರ್ಷ ಒಂದು ಗಳಿಗೆ ಹೋಗಿ ಬರಲಿ. ವಾಡಿಯಾರವರ ಕೆಲಸದಲ್ಲಿ ಅದೂ ಒಂದು ಪಾಲೇ ಆಗುವುದು.