ಡೇರೆಯಲ್ಲೇ ಕಚೇರಿ, ದಾರಿಯಲ್ಲೇ ಮರಣ

ಬೇಸಿಗೆಯಲ್ಲಿ ಬಳ್ಳಾರಿ ನಗರದಿಂದ ಸಿರುಗುಪ್ಪದವರೆಗೆ ಗುಂಪುಗೂಡಿ ಸೈಕಲ್ ತುಳಿಯುವವರಿಗೆ ಈ ನೆಲದ ಸ್ವಭಾವ ಕಾರಿನಲ್ಲಿ ಸಾಗುವವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಕುರುಗೋಡಿನ ಸುತ್ತಲಿನ ಬಂಡೆಗುಡ್ಡಗಳು ಮಧ್ಯಾಹ್ನಕ್ಕೆ ಕೆಂಡವಾಗುತ್ತವೆ. ಮುಂದೆ ನೆರಳಿಲ್ಲದ ಎರೆಭೂಮಿ. ತುಂಗಭದ್ರೆ ಸಮೀಪಿಸಿದಂತೆ ಕಾಲುವೆ ನೀರಿನ ಹಸಿರು. ಮಣ್ಣು ಬದಲಾಗುವುದನ್ನು ಕಣ್ಣಿಗಿಂತ ಮೊದಲು ಕಾಲುಗಳೇ ಅರಿಯುತ್ತವೆ. ಅಣೆಕಟ್ಟೂ ಡಾಂಬರು ರಸ್ತೆಯೂ ಇಲ್ಲದ ಕಾಲದಲ್ಲಿ, ಈ ಸೀಮೆಯನ್ನು ಕುದುರೆಯ ಮೇಲೆ ವರ್ಷಗಟ್ಟಲೆ ಸುತ್ತಿದ, ಸುತ್ತುತ್ತಲೇ ಆಳಿದ ಅಧಿಕಾರಿ ಥಾಮಸ್ ಮನ್ರೋ.

1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಮನ್ರೋ 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಕೆಡೆಟ್ ಆಗಿ ಮದರಾಸಿಗೆ ಬಂದ. ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಹೋರಾಡಿದ. ನಂತರ ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೆನರಾದ ಕಲೆಕ್ಟರನಾದ. ಮಳೆಯ ಆ ಕರಾವಳಿ ಆತನಿಗೆ ಹಿಡಿಸಲಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ, ದತ್ತಮಂಡಲವೆಂದು ಹೆಸರಾದ ಆ ಪ್ರದೇಶಕ್ಕೆ ಪ್ರಧಾನ ಕಲೆಕ್ಟರನಾಗಿ ಬಂದ.

ಅದು ಸುಲಭದ ಸೀಮೆಯಾಗಿರಲಿಲ್ಲ. ಸುಮಾರು 80 ಪಾಳೇಗಾರರು, ಅವರ ಕೈಕೆಳಗೆ 30,000ದಷ್ಟು ಶಸ್ತ್ರಧಾರಿಗಳು. 1801ರಲ್ಲಿ ಆದೋನಿ ಭಾಗದ ತೆರ್ನಕಲ್ಲಿನಲ್ಲಿ ಕಂದಾಯ ಅಧಿಕಾರಿಯೊಬ್ಬನ ಕೊಲೆಯೇ ನಡೆಯಿತು. ಸೈನ್ಯವನ್ನು ಬಳಸಿ ಪಾಳೇಗಾರರನ್ನು ಹತ್ತಿಕ್ಕುವುದರಲ್ಲಿ ಮನ್ರೋ ದಾಕ್ಷಿಣ್ಯ ತೋರಲಿಲ್ಲ. ಆದರೆ ಹಳ್ಳಿಗಳಿಗೆ ಹೋಗುವಾಗ ಆತ ಪಹರೆಯ ಸೈನಿಕರನ್ನು ಕರೆದೊಯ್ಯುತ್ತಿರಲಿಲ್ಲ. ಗುಮಾಸ್ತರು, ಆಳುಗಳು, ಕುದುರೆಗಳ ತಂಡದೊಡನೆ ಊರಿಂದ ಊರಿಗೆ ಸಾಗಿ, ಸುಮಾರು ನಾಲ್ಕು ವರ್ಷ ಡೇರೆಯನ್ನೇ ಮನೆಯಾಗಿಸಿಕೊಂಡ. ಅಧಿಕಾರಿಯ ಹಿಂದೆ ಸಿಪಾಯಿಗಳು ನಿಂತಿದ್ದರೆ ರೈತ ಬಾಯಿ ಬಿಡುವುದಿಲ್ಲವೆಂಬ ಅರಿವು ಆತನಿಗಿತ್ತು.

ಈ ಅಲೆದಾಟದ ಫಲವೇ ರೈತವಾರಿ ಪದ್ಧತಿಗೆ ತಳಹದಿಯಾದ ಭೂಮಾಪನ. 1802ರಿಂದ 1807ರವರೆಗೆ ಹೊಲಹೊಲವನ್ನೂ 33 ಅಡಿಯ ಸರಪಳಿಯಿಂದ ಅಳೆಯಲಾಯಿತು. ಆ ಅಳತೆಯ ನಲವತ್ತು ಚೌಕಗಳು ಸೇರಿದರೆ ಒಂದು ಎಕರೆ. ನಮ್ಮ ಪಹಣಿಯಲ್ಲಿ ಇಂದಿಗೂ ಕಾಣುವ ಗುಂಟೆಯದೂ ಇದೇ ಲೆಕ್ಕ. ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ, ಉಳುವವನೊಡನೆ ಸರ್ಕಾರ ನೇರವಾಗಿ ವ್ಯವಹರಿಸಬೇಕೆಂಬುದು ಇದರ ಆಶಯ.

ಹಾಗೆಂದು ಮನ್ರೋನನ್ನು ರೈತರ ಉದ್ಧಾರಕನೆಂದು ಹೊಗಳಿಬಿಡುವುದು ಸರಿಯಲ್ಲ. ಆತ ಕಂಪನಿಯ ಬೊಕ್ಕಸ ತುಂಬಿಸಲು ಬಂದವನು. ಆತನ ಅವಧಿಯಲ್ಲಿ ಕಂದಾಯ ಗಣನೀಯವಾಗಿ ಏರಿತು. ಆದರೆ ತಾನೇ ಗೊತ್ತುಪಡಿಸಿದ ದರ ಈ ಒಣನೆಲಕ್ಕೆ ಭಾರವೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಆತನಲ್ಲಿತ್ತು. 1807ರಲ್ಲಿ ರಜೆಯ ಮೇಲೆ ತಾಯ್ನಾಡಿಗೆ ಹೊರಡುವ ಮುನ್ನ ಶೇ 25ರಷ್ಟು ಕಡಿತಕ್ಕೆ ಶಿಫಾರಸು ಮಾಡಿದ. ಮದರಾಸಿನ ಕಚೇರಿ ಅದನ್ನು ಬದಿಗಿಟ್ಟು, ಇಡೀ ಹಳ್ಳಿಗಳನ್ನು ಗುತ್ತಿಗೆ ಕೊಡುವ ಕ್ರಮಕ್ಕೆ ಮೊರೆಹೋಯಿತು. ಆ ಪ್ರಯೋಗ ಅನೇಕ ಹಳ್ಳಿಗಳನ್ನು ಬಡವಾಗಿಸಿತು. 1820ರಲ್ಲಿ ಮದರಾಸಿನ ಗವರ್ನರನಾಗಿ ಮನ್ರೋ ಅಧಿಕಾರ ವಹಿಸಿಕೊಂಡ ಮೇಲಷ್ಟೇ ಕಡಿತ ಜಾರಿಗೆ ಬಂತು. ದಾರಿಯಲ್ಲಿ ಕಂಡ ಸತ್ಯ ಕಡತದಲ್ಲಿ ಆದೇಶವಾಗಲು ಹದಿಮೂರು ವರ್ಷ ಹಿಡಿಯಿತು. ಅಷ್ಟು ಕಾಲ ಬೆಲೆ ತೆತ್ತವನು ರೈತ.

1826ರಲ್ಲಿ ಪತ್ನಿ, ಅಸ್ವಸ್ಥನಾಗಿದ್ದ ಕಿರಿಯ ಮಗನೊಡನೆ ಇಂಗ್ಲೆಂಡಿಗೆ ಮರಳಿದಳು. ಮನ್ರೋ ಕೂಡ ನಿವೃತ್ತಿಗೆ ಸಿದ್ಧನಾಗಿದ್ದ. ಆದರೂ 1827ರ ಮೇ ಅಂತ್ಯದಲ್ಲಿ, ದತ್ತಮಂಡಲವನ್ನು ಕೊನೆಯ ಬಾರಿ ನೋಡಿಬರಲು ಮದರಾಸಿನಿಂದ ಹೊರಟ. ಗುತ್ತಿಯ ಬಳಿ ಪರಿವಾರದಲ್ಲಿ ಕಾಲರಾ ಕಾಣಿಸಿಕೊಂಡಿತು. ಜುಲೈ 6ರಂದು, ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಪತ್ತಿಕೊಂಡದಲ್ಲಿ, ಬೆಳಿಗ್ಗೆ ಡೇರೆ ಹೂಡಿದ ಗವರ್ನರ್ ರಾತ್ರಿಯ ಹೊತ್ತಿಗೆ ಅದೇ ರೋಗಕ್ಕೆ ಬಲಿಯಾದ. ಗುತ್ತಿಯಲ್ಲಿ ಮಣ್ಣುಮಾಡಿದ ದೇಹವನ್ನು 1831ರಲ್ಲಿ ಮದರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ಯಲಾಯಿತು. ಚೆನ್ನೈಯಲ್ಲಿರುವ ಪ್ರಸಿದ್ಧ ಪ್ರತಿಮೆಯಲ್ಲೂ ಆತ ಕುದುರೆಯ ಮೇಲೆಯೇ ಇದ್ದಾನೆ.

ಜನರ ನೆನಪು ಪ್ರತಿಮೆಗಿಂತ ಗಟ್ಟಿ. ಸಿರುಗುಪ್ಪದಿಂದ ತುಂಗಭದ್ರೆಯ ಹರಿವಿನ ಜಾಡಿನಲ್ಲಿ ಮುಂದೆ ಸಿಗುವ ಮಂತ್ರಾಲಯದಲ್ಲಿ, ಮಠದ ಇನಾಮು ಭೂಮಿಯ ವಿಚಾರಣೆಗೆ ಬಂದ ಮನ್ರೋನೊಡನೆ ರಾಘವೇಂದ್ರ ಸ್ವಾಮಿಗಳೇ ಮಾತನಾಡಿದರೆಂಬ ಐತಿಹ್ಯವಿದೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಸ್ಥಳಕ್ಕೇ ಬಂದು ವಿಚಾರಿಸಿದ ಅಧಿಕಾರಿಯ ಸುತ್ತ ಮಾತ್ರ ಇಂಥ ಕಥೆ ಹುಟ್ಟಲು ಸಾಧ್ಯ.

ಇಂದು ಬರಪರಿಹಾರದ ವರದಿಗಳು ಉಪಗ್ರಹ ಚಿತ್ರಗಳ ನೆರವಿನಿಂದ ಸಿದ್ಧವಾಗುತ್ತವೆ. ಅದು ಬೇಡವೆನ್ನಲಾಗದು. ಆದರೆ ಹೊಲದ ಬದುವಿನಲ್ಲಿ ನಿಂತು ಬೆವರೊರೆಸಿಕೊಂಡವನಿಗೆ ಮಾತ್ರ ತನ್ನ ಲೆಕ್ಕವೇ ತಪ್ಪಿರಬಹುದೆಂಬ ಅನುಮಾನ ಮೂಡುತ್ತದೆ. ವಸಾಹತುಶಾಹಿಯ ಸೇವಕನೊಬ್ಬನಿಗೆ ಸಾಧ್ಯವಾದ ಆ ಅನುಮಾನ, ನಾವೇ ಆರಿಸಿದ ಸರ್ಕಾರಗಳಿಗೂ ಸಾಧ್ಯವಾಗಬೇಕು.