ಟೇಬಲ್ ಕಟ್ಟಿದ ಪೈಲಟ್

ಡಿಬಿಎಂಎಸ್ ಪರೀಕ್ಷೆಗೆ ನಾರ್ಮಲ್ ಫಾರ್ಮ್‌ಗಳನ್ನು ಉರು ಹೊಡೆಯುವ ನಮಗೆಲ್ಲ ಎಡ್ಗರ್ ಕಾಡ್ ಎಂದರೆ ಎರಡು ಅಂಕದ ಪ್ರಶ್ನೆ, ಅಷ್ಟೇ.

ಅವರು ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್‌ನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ವಾಯುಪಡೆಯ ಪೈಲಟ್ ಆಗಿದ್ದರು. ಆಮೇಲೆ ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದರು. ಸೆನೆಟರ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆಯಿಂದ ಬೇಸತ್ತು ಕೆಲವು ವರ್ಷ ಕೆನಡಾದಲ್ಲಿದ್ದರು. ಪಿಎಚ್.ಡಿ. ಪಡೆದಾಗ ವಯಸ್ಸು ನಲವತ್ತು ದಾಟಿತ್ತು.

ಆಗೆಲ್ಲ ಡೇಟಾಬೇಸ್‌ನಿಂದ ಒಂದು ಮಾಹಿತಿ ತೆಗೆಯಬೇಕಾದರೆ ಅದು ಎಲ್ಲಿದೆ, ಯಾವ ಕೊಂಡಿ ಹಿಡಿದು ಹೋಗಬೇಕು ಎಂಬುದು ಪ್ರೋಗ್ರಾಮರ್‌ಗೆ ಗೊತ್ತಿರಬೇಕಿತ್ತು. 1970ರ ಲೇಖನದಲ್ಲಿ ಕಾಡ್ ಎಲ್ಲವನ್ನೂ ಟೇಬಲ್‌ಗಳಾಗಿ ನೋಡಿದರು. ಏನು ಬೇಕೆಂದು ಹೇಳಿದರೆ ಸಾಕು, ಹುಡುಕುವ ದಾರಿ ಯಂತ್ರದ ಪಾಡು. ಐಬಿಎಂಗೆ ಇದು ರುಚಿಸಲಿಲ್ಲ. ಹಳೆಯ ಮಾದರಿಯ ಐಎಂಎಸ್ ಸಾಫ್ಟ್‌ವೇರ್ ಕಂಪನಿಗೆ ದುಡ್ಡು ತರುತ್ತಿತ್ತಲ್ಲ! ಐಬಿಎಂ ಮೀನಮೇಷ ಎಣಿಸುತ್ತಿದ್ದಾಗ, 1979ರಲ್ಲಿ ಒರ್ಯಾಕಲ್ ಮಾರುಕಟ್ಟೆಗೆ ಬಂದೇಬಿಟ್ಟಿತು.

ಅದೇ ಲೇಖನದಲ್ಲಿ ಒಬ್ಬ ನೌಕರನ ದಾಖಲೆಯ ಉದಾಹರಣೆಯಿದೆ. ಅದರ ಹೊಟ್ಟೆಯೊಳಗೇ ಅವನ ಕೆಲಸದ ಇತಿಹಾಸ, ಮಕ್ಕಳ ವಿವರ ಇರುತ್ತವೆ. ಕಾಡ್ ಅವನ್ನು ಬಿಡಿಸಿ ಬೇರೆ ಬೇರೆ ಟೇಬಲ್ ಮಾಡಿದರು. ನಾವು ಓದುವ ನಾರ್ಮಲೈಸೇಷನ್ ಶುರುವಾದದ್ದು ಅಲ್ಲಿಂದ.

1997ರ ಒರ್ಯಾಕಲ್ 8ರಲ್ಲಿ ಆಬ್ಜೆಕ್ಟ್ ಟೈಪ್‌ಗಳು ಬಂದವು. ಬೀದಿ, ಊರು, ಪಿನ್‌ಕೋಡ್ ಸೇರಿಸಿ ‘ವಿಳಾಸ’ ಎಂಬ ಟೈಪನ್ನು ನಾವೇ ಮಾಡಿ, ಒಂದೇ ಕಾಲಮ್‌ನಲ್ಲಿ ಇಡಬಹುದು. (ಕ್ವೆರಿಯಲ್ಲಿ ಬರೀ ಊರನ್ನು ಕೇಳುವಾಗ ಟೇಬಲ್‌ಗೆ ಅಲಿಯಾಸ್ ಕೊಡಲೇಬೇಕು. ಇಲ್ಲದಿದ್ದರೆ ಎರರ್!) ಕಾಡ್ ಬಿಡಿಸಿದ್ದನ್ನು ಇದು ಮತ್ತೆ ಗಂಟು ಹಾಕಿದಂತೆ ಅಲ್ಲವೇ?

ಪೂರ್ತಿ ಹಾಗಲ್ಲ ಎಂದು ನನ್ನ ವಾದ. ಪ್ರತಿ ಕಾಲಮ್‌ಗೂ ತನ್ನದೇ ಡೊಮೈನ್ ಇರಬೇಕು ಎಂದು ಕಾಡ್ ಮೊದಲಿನಿಂದಲೂ ಹೇಳಿದ್ದರು. ಎಸ್‌ಕ್ಯೂಎಲ್ ಅದನ್ನು ಅರ್ಧಕ್ಕೇ ಬಿಟ್ಟಿತು. ನೌಕರನ ಸಂಖ್ಯೆಯನ್ನು ಸಂಬಳದ ಜೊತೆ ಹೋಲಿಸಿದರೂ ಅದು ತಕರಾರು ಎತ್ತುವುದಿಲ್ಲ, ಎರಡೂ ಬರೀ ನಂಬರ್. ನಮ್ಮದೇ ಟೈಪ್ ಮಾಡಿಕೊಂಡರೆ ಈ ಎಡವಟ್ಟಿಗೆ ತಡೆ ಹಾಕಬಹುದು. ಆದರೆ ಮಕ್ಕಳ ಪಟ್ಟಿಯನ್ನೇ ಒಂದು ಸಾಲಿನೊಳಗೆ ತುರುಕುವ ನೆಸ್ಟೆಡ್ ಟೇಬಲ್ ಮಾತ್ರ 1970ಕ್ಕೂ ಹಿಂದಿನ ಕಥೆ.

1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಆದರೂ ಅವರು ಸುಮ್ಮನಾಗಲಿಲ್ಲ. ಕಂಪನಿಗಳು ಸಿಕ್ಕಿದ್ದಕ್ಕೆಲ್ಲ ರಿಲೇಷನಲ್ ಎಂದು ಚೀಟಿ ಅಂಟಿಸುವುದನ್ನು ಕಂಡು 1985ರಲ್ಲಿ ಹನ್ನೆರಡು ನಿಯಮ ಪ್ರಕಟಿಸಿದರು. ಎಣಿಸಿ ನೋಡಿ, ಸೊನ್ನೆಯಿಂದ ಶುರುವಾಗುವ ಅವು ನಿಜಕ್ಕೂ ಹದಿಮೂರು! 1990ರ ಪುಸ್ತಕದಲ್ಲಿ ಡೊಮೈನ್‌ಗಳಿಗೇ ಒಂದು ಅಧ್ಯಾಯ ಮೀಸಲಿಟ್ಟರು. 2003ರ ಏಪ್ರಿಲ್‌ನಲ್ಲಿ ಫ್ಲೋರಿಡಾದಲ್ಲಿ ತೀರಿಕೊಂಡಾಗ ಅವರಿಗೆ 79 ವರ್ಷ.