ಹೆಲೆನ್ ಕೆಲರ್: ನಾನು ಎಂಬ ಅರಿವು ಮೂಡಿದ ದಿನ

ಕುರುಡುತನ, ಕಿವುಡುತನಗಳನ್ನು ಗೆದ್ದ ಸಾಧಕಿ ಎಂದು ಹೆಲೆನ್ ಕೆಲರ್ ಬಗ್ಗೆ ಶಾಲೆಯಲ್ಲಿ ಓದಿದ್ದೇವೆ. ಆದರೆ ಬಾಲ್ಯದಲ್ಲಿ ಅವರನ್ನು ಹೆಚ್ಚು ಕಾಡಿದ್ದು ಭಾಷೆ ಇಲ್ಲದಿರುವುದು.

1880ರ ಜೂನ್ 27ರಂದು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ ಹೆಲೆನ್ ಜನಿಸಿದರು. 19 ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆ ಕಣ್ಣು, ಕಿವಿ ಎರಡನ್ನೂ ಕಸಿಯಿತು. ಆಗತಾನೆ ಬರುತ್ತಿದ್ದ ತೊದಲು ಮಾತೂ ನಿಂತಿತು. ಬ್ರೆಡ್ ಬೇಕಾದರೆ ಕೊಯ್ದು ಬೆಣ್ಣೆ ಹಚ್ಚುವಂತೆ ಕೈ ಆಡಿಸುತ್ತಿದ್ದಳು. ಸನ್ನೆಗೆ ನಿಲುಕದ್ದನ್ನು ಹೇಳಲಾಗದೆ ಒದೆಯುತ್ತಿದ್ದಳು, ಚೀರುತ್ತಿದ್ದಳು.

1887ರ ಮಾರ್ಚ್ 3ರಂದು 20 ವರ್ಷದ ಶಿಕ್ಷಕಿ ಆನ್ ಸಲಿವನ್ ಮನೆಗೆ ಬಂದರು. ಬೆರಳುಗಳಿಂದ ಮಗುವಿನ ಅಂಗೈಯಲ್ಲಿ ಒಂದೊಂದೇ ಅಕ್ಷರ ಮೂಡಿಸಿ ಪದ ಕಲಿಸತೊಡಗಿದರು. ಹೆಲೆನ್‌ಗೆ ಅದು ಬರೀ ಬೆರಳಾಟ. ಏಪ್ರಿಲ್ 5ರಂದು ಬೇಸತ್ತು ಹೊಸ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿದಳು. ಸ್ವಲ್ಪವೂ ದುಃಖವಾಗಲಿಲ್ಲ. ಆಮೇಲೆ ಸಲಿವನ್ ಅವಳನ್ನು ನೀರಿನ ಪಂಪಿನ ಬಳಿ ಕರೆದೊಯ್ದರು. ಒಂದು ಕೈಮೇಲೆ ನೀರು ಸುರಿಯುತ್ತಿದ್ದಾಗ ಇನ್ನೊಂದು ಕೈಯಲ್ಲಿ ನೀರು ಎಂಬ ಪದ ಬರೆದರು. ಪ್ರತಿ ವಸ್ತುವಿಗೂ ಹೆಸರಿದೆ ಎಂಬುದು ಮಗುವಿಗೆ ಥಟ್ಟನೆ ಹೊಳೆಯಿತು. ಮನೆಯೊಳಗೆ ಬಂದವಳು ಗೊಂಬೆಯ ಚೂರುಗಳನ್ನು ತಡವಿ ಹುಡುಕಿ ಜೋಡಿಸಲು ನೋಡಿದಳು. ಆಗಲಿಲ್ಲ. ಕಣ್ಣು ತುಂಬಿ ಬಂತು. ಅದು ಅವಳ ಮೊದಲ ಪಶ್ಚಾತ್ತಾಪ. ಒಡೆದದ್ದು ನಾನು ಎಂದು ತಿಳಿದವರಿಗಷ್ಟೇ ಪಶ್ಚಾತ್ತಾಪವಾಗುತ್ತದೆ. ಗುರು ಬರುವ ಮೊದಲು ತಾನೊಬ್ಬಳು ಇದ್ದೇನೆಂದೇ ತನಗೆ ಗೊತ್ತಿರಲಿಲ್ಲ ಎಂದು ಅವರು 1908ರ ತಮ್ಮ ಪುಸ್ತಕದಲ್ಲಿ ನೆನೆದಿದ್ದಾರೆ.

ಆದರೆ ಸಿಕ್ಕ ಭಾಷೆ ನೋವನ್ನೂ ತಂದಿತು. 11ನೇ ವಯಸ್ಸಿನಲ್ಲಿ ಬರೆದ ಕಥೆಯೊಂದು ಅಚ್ಚಾದ ಬೇರೆ ಕಥೆಯನ್ನು ಹೋಲುತ್ತಿತ್ತು. ಹಿಂದೆ ಯಾರೋ ಓದಿ ತಿಳಿಸಿದ್ದ ಆ ಕಥೆ ಅವಳ ನೆನಪಿನಲ್ಲೇ ಇರಲಿಲ್ಲ. ದೊಡ್ಡವರು ಕೂತು ವಿಚಾರಣೆ ನಡೆಸಿದರು. ಮನಸ್ಸಿಗೆ ಬರುವ ಮಾತು ನನ್ನದೋ, ಬೇರೆಯವರದೋ ಎಂಬ ಅಂಜಿಕೆ ಬಹುಕಾಲ ಉಳಿಯಿತು. ಆದರೂ ಬರವಣಿಗೆ ಬಿಡಲಿಲ್ಲ. 1903ರಲ್ಲಿ ಆತ್ಮಕಥೆ ಹೊರಬಂತು, 1904ರಲ್ಲಿ ರಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ದೊರೆಯಿತು. 1955ರಲ್ಲಿ ಭಾರತಕ್ಕೂ ಬಂದಿದ್ದರು. 1968ರ ಜೂನ್ 1ರಂದು ನಿಧನರಾದರು.

ಕಣ್ಣು, ಕಿವಿ ಸರಿಯಿದ್ದೂ ಮಾತು ಬಾರದ ಮಕ್ಕಳು ನಮ್ಮ ಓಣಿಗಳಲ್ಲೂ ಇದ್ದಾರೆ. ಅವರ ತೊಂದರೆಯ ಕಾರಣ ಬೇರೆ, ಆದರೆ ಹೇಳಲಾಗದ ಸಂಕಟ ಅದೇ. ಅಂಥವರ ತಪಾಸಣೆ, ತರಬೇತಿಗೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಬಾರದ ಮಗುವನ್ನು ಹಟಮಾರಿ, ದಡ್ಡ ಎಂದು ಕರೆಯುವ ಮುನ್ನ ಆ ಗೊಂಬೆಯ ಚೂರುಗಳನ್ನು ನೆನೆಯೋಣ.